ಆ ವಾಯ್ಸ್ ಮೆಸೇಜ್ ಮತ್ತು ಖಾಲಿ ಬಂದ ಫಾರಂಗಳು

ಪ್ರೀತಿಯ ಪೋಷಕರೇ,

ನಮಸ್ಕಾರ. ದಡಾರ-ರುಬೆಲ್ಲಾ ಲಸಿಕೆಯ ಒಪ್ಪಿಗೆ ಫಾರಂ ಮನೆಗೆ ಕಳಿಸಿ ಒಂದು ವಾರವಾಯಿತು. ಒಂದಷ್ಟು ಸಹಿಯಾಗಿ ಬಂದಿವೆ. ಒಂದಷ್ಟು ಖಾಲಿ ಬಂದಿವೆ, ಹೌದು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ಇನ್ನು ಕೆಲವು ಬ್ಯಾಗಿನ ತಳದಲ್ಲೇ ಮಡಚಿಕೊಂಡು ಕೂತಿವೆ, ಇದನ್ನು ನಿಮ್ಮ ಮಕ್ಕಳೇ ನನಗೆ ಹೇಳಿದ್ದು, ಬೈಯಬೇಡಿ. ಕಾರಣ ನನಗೂ ಗೊತ್ತು, ನಿಮಗೂ ಗೊತ್ತು. ಆ ವಾಯ್ಸ್ ಮೆಸೇಜ್.

ಕೇಳದೇ ಇರುವವರಿಗೆ ಹೇಳುತ್ತೇನೆ. ಅದರಲ್ಲಿ ಒಬ್ಬ ಹೆಂಗಸು ನಡುಗುವ ದನಿಯಲ್ಲಿ ಮಾತಾಡುತ್ತಾರೆ. ಯಾವುದೋ ಶಾಲೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಒಂದು ಹುಡುಗಿ ಬಿದ್ದಳಂತೆ, ಮೇಲೇಳಲಿಲ್ಲವಂತೆ, ಶಾಲೆಯವರು ಮುಚ್ಚಿ ಹಾಕಿದರಂತೆ. ನಿಮ್ಮ ಮಕ್ಕಳನ್ನು ನೀವೇ ಕಾಪಾಡಿಕೊಳ್ಳಿ, ಎಲ್ಲರಿಗೂ ಕಳಿಸಿ, ಅಷ್ಟೇ.

ಮೂರು ದಿನ ನಾನು ಇದರ ಜಾಡು ಹಿಡಿದು ಹಿಂದಕ್ಕೆ ಹೋದೆ. ಶಾಲೆ ಬಿಟ್ಟ ಮೇಲೆ ಒಬ್ಬೊಬ್ಬರಿಗೇ ಫೋನ್. ನಿಮಗೆ ಯಾರು ಕಳಿಸಿದ್ದು? "ನಮ್ಮ ನಾದಿನಿ, ಮೇಡಂ." ನಾದಿನಿಗೆ? ಆಫೀಸಿನ ಗೆಳತಿ. ಗೆಳತಿಗೆ? ಅವರ ಅಣ್ಣ, "ಅವನು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡೋದು, ಅವನಿಗೆ ಗೊತ್ತಿರುತ್ತಲ್ವಾ?" ಅಣ್ಣನಿಗೆ ಬಂದದ್ದು ಹಳೆಯ ಸಹಪಾಠಿಗಳ ಗ್ರೂಪಿನಿಂದ. ಅಲ್ಲಿಗೆ ಜಾಡು ತಪ್ಪಿತು. ಯಾವ ಶಾಲೆ ಅಂತ ಯಾರಿಗೂ ಗೊತ್ತಿಲ್ಲ. ಯಾವ ಲಸಿಕೆ, ಯಾವ ವರ್ಷ, ಅದೂ ಗೊತ್ತಿಲ್ಲ. ಆದರೆ ಪ್ರತಿಯೊಬ್ಬರಿಗೂ ತಮಗೆ ಕಳಿಸಿದವರ ಮೇಲೆ ಪೂರ್ತಿ ನಂಬಿಕೆ ಇತ್ತು. ನಾದಿನಿ ಸುಳ್ಳು ಹೇಳುವವರಲ್ಲ, ನಿಜವೇ. ಅವರು ಹೇಳಲೂ ಇಲ್ಲ, ಕಳಿಸಿದರು ಅಷ್ಟೇ.

ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಬೇರೆ. ಮೆಸೇಜಿನಲ್ಲಿ ಇರುವುದು 'ಬಿದ್ದಳಂತೆ'. ನನಗೆ ಮೊದಲು ಫೋನ್ ಮಾಡಿದ ತಂದೆ ಹೇಳಿದ್ದು 'ಬಿದ್ದಳು'. ಸಂಜೆಗೆ ಗೇಟಿನ ಹತ್ತಿರ ಕೇಳಿಸಿದ್ದು 'ಬಿದ್ದರು', ಒಬ್ಬಳು ಹೋಗಿ ಮೂರು ಜನ ಆಗಿದ್ದರು. ನಮ್ಮ ಭಾಷೆಯಲ್ಲಿ 'ಅಂತೆ' ಅನ್ನುವುದು ಎಷ್ಟು ಒಳ್ಳೆಯ ವ್ಯವಸ್ಥೆ ನೋಡಿ. ನಾನು ಕಂಡದ್ದಲ್ಲ, ಕೇಳಿದ್ದು, ಅಂತ ಎರಡೇ ಅಕ್ಷರದಲ್ಲಿ ಹೇಳಿಬಿಡಬಹುದು. ಬಾಯಿಂದ ಬಾಯಿಗೆ ಹೋಗುವಾಗ ಎಲ್ಲಕ್ಕಿಂತ ಮೊದಲು ಉದುರುವುದು ಈ ಎರಡು ಅಕ್ಷರವೇ. (ಕನ್ನಡ ಟೀಚರ್ ಆಗಿ ಶುರು ಮಾಡಿದವಳು ನಾನು, ಇಂಥದ್ದು ಕಣ್ಣಿಗೆ ಬೀಳುತ್ತದೆ, ಕ್ಷಮಿಸಿ.)

ಸುಳ್ಳು ಇಷ್ಟು ಬೇಗ ಓಡುವುದು ಯಾಕೆ? ಅಮೆರಿಕದ ಎಂಐಟಿ ಸಂಶೋಧಕರು ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ಹಿಂಬಾಲಿಸಿ ನೋಡಿದ್ದರು. 1,500 ಜನರನ್ನು ಮುಟ್ಟಲು ನಿಜವಾದ ಸುದ್ದಿ ಸುಳ್ಳು ಸುದ್ದಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸಮಯ ತೆಗೆದುಕೊಂಡಿತ್ತು. ಅದಕ್ಕೆ ಕಾರಣ ತಾವಾಗಿಯೇ ಸಂದೇಶ ಹಾಕುವ ಕಂಪ್ಯೂಟರ್ ಬಾಟ್‌ಗಳು ಅಂತ ಎಲ್ಲರೂ ಅಂದುಕೊಂಡಿದ್ದರು. ನೋಡಿದರೆ ಹರಡುತ್ತಿದ್ದವರು ಮನುಷ್ಯರೇ. ಸುಳ್ಳು ಹೊಸದಾಗಿ ಕಾಣುತ್ತದೆ, ಅಚ್ಚರಿ ಹುಟ್ಟಿಸುತ್ತದೆ, ಅಸಹ್ಯ ಹುಟ್ಟಿಸುತ್ತದೆ. 'ಲಸಿಕೆ ಹಾಕಿಸಿದೆವು, ಮಗು ಮನೆಗೆ ಬಂದು ಆಟ ಆಡಿತು' ಅನ್ನುವುದನ್ನು ಯಾರು ಫಾರ್ವರ್ಡ್ ಮಾಡುತ್ತಾರೆ ಹೇಳಿ?

ಜೊತೆಗೆ, ದಿನಾಂಕಗಳ ಆಟ ಒಂದಿದೆ. ಮಕ್ಕಳಿಗೆ ಅತಿ ಹೆಚ್ಚು ಲಸಿಕೆ ಬೀಳುವುದು ಮೊದಲ ಎರಡು ವರ್ಷದಲ್ಲಿ. ಜ್ವರ, ಫಿಟ್ಸ್, ಮಾತು ತಡವಾಗುವುದು, ಇವೆಲ್ಲ ಮೊದಲು ಗೊತ್ತಾಗುವುದೂ ಆಗಲೇ. ಲಕ್ಷಾಂತರ ಮಕ್ಕಳಿಗೆ ಲಸಿಕೆ ಹಾಕಿದಾಗ, ಯಾವುದೋ ಒಂದು ಮಗುವಿಗೆ ಹೇಗಿದ್ದರೂ ಬರಲಿದ್ದ ಕಾಯಿಲೆ ಲಸಿಕೆಯ ಮಾರನೇ ದಿನವೇ ಬಂದೀತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಅದೇ. ಆದರೆ ಆ ತಾಯಿಗೆ ಹೋಗಿ ಗಾದೆ ಹೇಳಲು ಬಾಯಿ ಬರುತ್ತದಾ? ಆಕೆ ಕಂಡದ್ದು ಕಾಗೆ ಕೂತದ್ದು, ಕೊಂಬೆ ಬಿದ್ದದ್ದು. ಅದಕ್ಕೇ ಹೀಗೆ ನಡೆದಾಗ ಒಂದು ಮಗುವನ್ನು ನೋಡಿ ತೀರ್ಮಾನಿಸಲು ಆಗುವುದಿಲ್ಲ, ಲಸಿಕೆ ಹಾಕಿಸಿಕೊಂಡ ಲಕ್ಷಾಂತರ ಮಕ್ಕಳನ್ನು ಹಾಕಿಸಿಕೊಳ್ಳದವರ ಪಕ್ಕ ಇಟ್ಟು ನೋಡಬೇಕಾಗುತ್ತದೆ.

ಇದನ್ನು ಸರಿಯಾಗಿ ಮಾಡದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಬ್ರಿಟನ್ನಿನ ವೈದ್ಯರ ಕತೆಯೇ ಸಾಕು. 1998ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅವರು ಬರೆದದ್ದು ಕೇವಲ 12 ಮಕ್ಕಳ ಬಗ್ಗೆ. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದು ಎಂಬ ಅನುಮಾನ ಹುಟ್ಟಿದ್ದು ಅಲ್ಲಿಂದ. ಆಮೇಲೆ ಗೊತ್ತಾಯಿತು, ಲಸಿಕೆ ಕಂಪನಿಗಳ ಮೇಲೆ ಕೇಸ್ ಹಾಕಲು ಹೊರಟಿದ್ದ ವಕೀಲರಿಂದ ಅವರು ಹಣ ಪಡೆದಿದ್ದರು, ಮಕ್ಕಳ ವಿವರಗಳನ್ನೇ ತಿರುಚಲಾಗಿತ್ತು. 2010ರಲ್ಲಿ ಪತ್ರಿಕೆ ಲೇಖನವನ್ನು ಹಿಂದಕ್ಕೆ ತೆಗೆದುಕೊಂಡಿತು, ಅದೇ ವರ್ಷ ವೈದ್ಯರ ಪಟ್ಟಿಯಿಂದ ಅವರ ಹೆಸರು ಹೋಯಿತು. ನಡುವೆ 12 ವರ್ಷ. ಡೆನ್ಮಾರ್ಕ್‌ನಲ್ಲಿ 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ, ಎಂಎಂಆರ್‌ನಿಂದ ಆಟಿಸಂ ಹೆಚ್ಚುವುದಿಲ್ಲ ಅಂತ 2019ರಲ್ಲಿ ಪ್ರಕಟಿಸಿದರು. 12 ಮಕ್ಕಳ ಕತೆ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಆರೂವರೆ ಲಕ್ಷ ಮಕ್ಕಳ ಲೆಕ್ಕ ಎಷ್ಟು ಜನ ಕೇಳಿದ್ದೀರಿ?

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು.

ಮೆಸೇಜ್ ಬಂದ ಮೊದಲ ದಿನವೇ ಒಬ್ಬ ತಾಯಿ ಶಾಲೆಯ ಗ್ರೂಪಿನಲ್ಲಿ "ಮೇಡಂ, ಇದು ನಿಜವಾ?" ಅಂತ ಕೇಳಿದ್ದರು. ತುಂಬಾ ಸರಿಯಾದ ಪ್ರಶ್ನೆ. ನಾನು ಯಾವುದೋ ಮೀಟಿಂಗಿನ ಗಡಿಬಿಡಿಯಲ್ಲಿದ್ದೆ. "ವದಂತಿಗಳಿಗೆ ಕಿವಿಗೊಡಬೇಡಿ" ಅಂತ ಒಂದು ಸಾಲು ಹಾಕಿ, ಇನ್ನು ಯಾರೂ ಬರೆಯದ ಹಾಗೆ ಗ್ರೂಪನ್ನು ಲಾಕ್ ಮಾಡಿಬಿಟ್ಟೆ. ಗಲಾಟೆ ನಿಂತಿತು ಅಂದುಕೊಂಡೆ. ನಿಲ್ಲಲಿಲ್ಲ, ಟೀಚರುಗಳು ಇಲ್ಲದ ಇನ್ನೊಂದು ಗ್ರೂಪಿಗೆ ಹೋಯಿತು. 'ನಿಜ ಅಲ್ಲದಿದ್ದರೆ ಮೇಡಂ ಯಾಕೆ ಲಾಕ್ ಮಾಡಿದರು' ಅನ್ನುವುದೇ ಅಲ್ಲಿ ಹೊಸ ಸಾಕ್ಷಿಯಾಯಿತು! 'ಶಾಲೆಯವರು ಮುಚ್ಚಿ ಹಾಕಿದರಂತೆ' ಎಂಬ ಮಾತಿಗೆ ನಾನೇ ಕೈಯಾರೆ ಪುರಾವೆ ಒದಗಿಸಿದ ಹಾಗಾಯಿತು.

ಆ ರಾತ್ರಿ ನನಗೆ ನೆನಪಾದದ್ದು ಸಮೋವಾ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ದೇಶ, ಎರಡು ಲಕ್ಷ ಜನ ಇರಬಹುದು. 2018ರ ಜುಲೈಯಲ್ಲಿ ಅಲ್ಲಿ ಎಂಎಂಆರ್ ಕೊಟ್ಟ ಕೆಲವೇ ನಿಮಿಷದಲ್ಲಿ ಎರಡು ಕೂಸುಗಳು ತೀರಿಕೊಂಡವು. ಇದು ವದಂತಿಯಲ್ಲ, ನಿಜವಾಗಿ ನಡೆದದ್ದು. ಲಸಿಕೆಯ ಪುಡಿಗೆ ನೀರು ಬೆರೆಸುವ ಬದಲು ನರ್ಸ್‌ಗಳು ಅವಧಿ ಮೀರಿದ, ಸ್ನಾಯು ಸಡಿಲಿಸುವ ಔಷಧಿಯನ್ನು ಬೆರೆಸಿದ್ದರು. ಲಸಿಕೆಯದ್ದಲ್ಲ, ಕೈತಪ್ಪು. ಆದರೆ ಆ ಮಾತು ಹೊರಗೆ ಬರಲು ತಿಂಗಳುಗಳೇ ಹಿಡಿದವು, ಅಷ್ಟು ದಿನವೂ ಲಸಿಕೆ ನಿಂತೇ ಹೋಗಿತ್ತು, ಆ ಖಾಲಿ ಜಾಗಕ್ಕೆ ಹೊರದೇಶದ ಲಸಿಕೆ ವಿರೋಧಿಗಳೂ ಗಿಡಮೂಲಿಕೆ ಮಾರುವವರೂ ಬಂದು ಕೂತರು. 2019ರ ಕೊನೆಗೆ ದಡಾರ ಬಂತು. 5,700ಕ್ಕೂ ಹೆಚ್ಚು ಜನರಿಗೆ ತಗುಲಿತು, 83 ಜನ ಸತ್ತರು, ಬಹುಪಾಲು ಐದು ವರ್ಷದೊಳಗಿನ ಮಕ್ಕಳು. ಕೊನೆಗೆ ಡಿಸೆಂಬರಿನಲ್ಲಿ ಎರಡು ದಿನ ಇಡೀ ದೇಶ ಬಾಗಿಲು ಹಾಕಿತು, ಲಸಿಕೆ ಆಗದವರು ಮನೆ ಮುಂದೆ ಕೆಂಪು ಬಟ್ಟೆ ಕಟ್ಟಿಕೊಂಡರು, ಸಿಬ್ಬಂದಿ ಮನೆ ಮನೆಗೆ ಹೋಗಿ ಲಸಿಕೆ ಹಾಕಿದರು.

ಅಲ್ಲಿನ ತಂದೆತಾಯಿಯರನ್ನು ದಡ್ಡರು ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ. ಕಣ್ಣೆದುರು ಎರಡು ಮಕ್ಕಳು ಸತ್ತಿದ್ದವು, ಯಾಕೆ ಅಂತ ಹೇಳಬೇಕಾದವರು ಬೇಗ ಹೇಳಲಿಲ್ಲ. ನಾನು ಸುಮ್ನೆ ಒಂದು ಗ್ರೂಪ್ ಲಾಕ್ ಮಾಡಿದವಳು, ದೊಡ್ಡ ವಿಷಯವೇನಲ್ಲ. ಆದರೂ ಕೆಲಸ ಅದೇ ಜಾತಿಯದ್ದು.

ಇನ್ನು ಆ ಹುಡುಗಿ. ಯಾವುದೋ ಶಾಲೆಯಲ್ಲಿ ಯಾರೋ ಒಬ್ಬಳು ಬಿದ್ದಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ, ಯಾಕೆಂದರೆ ನಮ್ಮಲ್ಲೇ ಬಿದ್ದಿದ್ದಾರೆ. ಕೆಲವು ವರ್ಷದ ಹಿಂದೆ ಏಳನೇ ತರಗತಿಯ ಒಬ್ಬ ಹುಡುಗ ಸಾಲಿನಲ್ಲಿ ನಿಂತಿದ್ದವನು, ಮುಂದಿನವನ ತೋಳಿಗೆ ಸೂಜಿ ಹೋಗುವುದನ್ನು ನೋಡಿ ದೊಪ್ಪನೆ ಬಿದ್ದ. ಅವನಿಗೆ ಇನ್ನೂ ಇಂಜೆಕ್ಷನ್ ಕೊಟ್ಟೇ ಇರಲಿಲ್ಲ. ಹದಿಹರೆಯದವರಲ್ಲಿ ಇದು ಸಾಮಾನ್ಯ. ಭಯಕ್ಕೆ ರಕ್ತದೊತ್ತಡ ಥಟ್ಟನೆ ಇಳಿಯುತ್ತದೆ, ತಲೆಸುತ್ತು ಬರುತ್ತದೆ, ಮಲಗಿಸಿದರೆ ಸರಿಹೋಗುತ್ತದೆ. ಒಬ್ಬರು ಬಿದ್ದದ್ದನ್ನು ನೋಡಿ ಇನ್ನೊಬ್ಬರು ಬೀಳುವುದೂ ಉಂಟು. ಅದನ್ನು ನಾಟಕ ಅನ್ನಬೇಡಿ. ಅವರಿಗೆ ಆಗುವ ತಲೆಸುತ್ತು, ನಡುಕ ನಿಜವೇ, ಕಾರಣ ಮಾತ್ರ ಸೀಸೆಯ ಒಳಗಿಲ್ಲ. ಆದ್ದರಿಂದ ಈ ಸಲ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದಿಲ್ಲ. ಪರದೆ ಇರುತ್ತದೆ, ಒಬ್ಬೊಬ್ಬರೇ ಒಳಗೆ ಬರುತ್ತಾರೆ, ಕೂತೇ ಹಾಕಿಸಿಕೊಳ್ಳುತ್ತಾರೆ. ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ, ದಯವಿಟ್ಟು.

ಅಡ್ಡಪರಿಣಾಮ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳುವವರನ್ನು ನೀವೂ ನಂಬಬೇಡಿ. ತೋಳು ನೋಯುತ್ತದೆ. ಒಂದು ವಾರ, ಹತ್ತು ದಿನ ಬಿಟ್ಟು ಕೆಲವರಿಗೆ ಜ್ವರ ಬರಬಹುದು, ಮೈಮೇಲೆ ಸಣ್ಣ ಗುಳ್ಳೆ ಏಳಬಹುದು. ತೀವ್ರ ಅಲರ್ಜಿ ಆಗುವುದು ಹತ್ತು ಲಕ್ಷ ಡೋಸಿಗೆ ಸುಮಾರು ಒಂದು, ಅದೂ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೆ ಗೊತ್ತಾಗುತ್ತದೆ, ಅದಕ್ಕೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ನರ್ಸ್ ಕೈಯಲ್ಲೇ ಇರುತ್ತದೆ. ಅದಕ್ಕೇ ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಕೂರಿಸುವುದು. ಇತ್ತ ದಡಾರ ನೋಡಿ. ಲಸಿಕೆ ಇಲ್ಲದ ಜನರ ನಡುವೆ ಒಬ್ಬರಿಂದ 12ರಿಂದ 18 ಜನರಿಗೆ ಹರಡುತ್ತದೆ, ಬಂದವರಲ್ಲಿ ಸಾವಿರಕ್ಕೆ ಸುಮಾರು ಒಬ್ಬರಿಗೆ ಮೆದುಳಿಗೇ ಊತ ಬರುತ್ತದೆ. ತಡೆಯಬೇಕಾದರೆ 100ರಲ್ಲಿ 95 ಮಕ್ಕಳಿಗಾದರೂ ಲಸಿಕೆ ಆಗಿರಬೇಕು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವಂಥ ಮಕ್ಕಳಿಗೆ ಈ ಲಸಿಕೆ ಕೊಡಲು ಬರುವುದಿಲ್ಲ, ಅವರಿಗೆ ಪಕ್ಕದ ಬೆಂಚಿನವರೇ ಲಸಿಕೆ.

ಭಯದ ಬಗ್ಗೆ ಇನ್ನೊಂದು ಮಾತು. ಜಗತ್ತಿನಲ್ಲಿ ಸಹಜವಾಗಿ ಸಿಡುಬು ತಗುಲಿದ ಕೊನೆಯ ವ್ಯಕ್ತಿ ಸೊಮಾಲಿಯಾದ ಅಲಿ ಮಾವ್ ಮಾಲಿನ್, 1977ರಲ್ಲಿ. ಆಸ್ಪತ್ರೆಯಲ್ಲೇ ಅಡುಗೆ ಕೆಲಸ ಮಾಡುತ್ತಿದ್ದವರು, ಆದರೂ ಲಸಿಕೆ ತಪ್ಪಿಸಿಕೊಂಡಿದ್ದರು. ಕಾರಣ ಕೇಳಿದರೆ, ಸೂಜಿ ನೋಯುತ್ತದೆ ಅನ್ನುವ ಹೆದರಿಕೆ! ಗುಣವಾಗಿ ಎಷ್ಟೋ ವರ್ಷದ ಮೇಲೆ ಅವರು ಪೋಲಿಯೊ ಲಸಿಕೆಯ ಕೆಲಸಕ್ಕೆ ಸೇರಿದರು, ಬೇಡ ಅನ್ನುತ್ತಿದ್ದ ತಂದೆತಾಯಿಯರ ಎದುರು ಕೂತು ತಮ್ಮದೇ ಕತೆ ಹೇಳುತ್ತಿದ್ದರು. ನಮ್ಮ ಪೋಷಕರಲ್ಲೂ ಹಾಗೆ ಮೊದಲು ಹೆದರಿ ಆಮೇಲೆ ಹಾಕಿಸಿದವರು ಇದ್ದೀರಿ, ನನಗೆ ಗೊತ್ತು. ನನ್ನ ಒಂದು ಪುಟದ ಸುತ್ತೋಲೆಗಿಂತ ನಿಮ್ಮ ಎರಡು ಮಾತು ಹೆಚ್ಚು ದೂರ ಹೋಗುತ್ತದೆ.

ಗ್ರೂಪಿನ ಲಾಕ್ ಇವತ್ತು ಬೆಳಿಗ್ಗೆ ತೆಗೆದಿದ್ದೇನೆ. ಏನು ಬೇಕಾದರೂ ಕೇಳಿ, ಯಾರೂ ನಗುವುದಿಲ್ಲ, ನಕ್ಕವರಿಗೆ ನಾನೇ ಫೋನ್ ಮಾಡುತ್ತೇನೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಮಕ್ಕಳ ಡಾಕ್ಟರು ಮತ್ತು ಲಸಿಕೆಯ ದಿನ ಇಂಜೆಕ್ಷನ್ ಹಾಕುವ ನರ್ಸ್ ಇಬ್ಬರೂ ಶಾಲೆಗೆ ಬರುತ್ತಾರೆ. ಭಾಷಣ ಇಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಅಷ್ಟೇ. ಮಗುವಿಗೆ ಅಲರ್ಜಿ ಇದ್ದರೆ, ಬೇರೆ ಔಷಧಿ ನಡೆಯುತ್ತಿದ್ದರೆ ಚೀಟಿ ತನ್ನಿ. ಹೊಸ ಫಾರಂ ಇದರ ಜೊತೆಗಿದೆ. ಬೇಡ ಅನ್ನುವುದಾದರೆ ಬೇಡ ಅಂತಲೇ ಬರೆಯಿರಿ, ಕೆಳಗೆ ಕಾರಣಕ್ಕೆ ಅಂತ ನಾಲ್ಕು ಗೆರೆ ಬಿಟ್ಟಿದ್ದೇನೆ. ಹಳೆಯ ಫಾರಂನಲ್ಲಿ ಆ ಜಾಗವೇ ಇರಲಿಲ್ಲ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ