ಹನ್ನೊಂದೂವರೆಯ ಜ್ವರ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಪೋಷಕರೊಬ್ಬರು ಖಾಸಗಿ ಶಾಲೆಗಳ ಶುಲ್ಕದ ಬಗ್ಗೆ ಬರೆಯುತ್ತಾ, ‘ಆರೋಗ್ಯ ಶುಲ್ಕವೆಂದು ಹಣ ಕಟ್ಟಿಸಿಕೊಳ್ಳುತ್ತಾರೆ, ಶಾಲೆಯ ನರ್ಸ್ ಮಾತ್ರ ಫ್ಯಾನಿನ ಕೆಳಗೆ ಕುಳಿತು, ಮಗು ಸೀನಿದರೂ ಸಾಕು, ಬಂದು ಕರೆದುಕೊಂಡು ಹೋಗಿ ಎಂದು ಫೋನ್ ಮಾಡುತ್ತಾರೆ’ ಎಂದಿದ್ದರು. ಶುಲ್ಕದ ವಿಚಾರದಲ್ಲಿ ಅವರ ಸಿಟ್ಟು ನ್ಯಾಯವಾದದ್ದೇ. ಆ ಹಣದಲ್ಲಿ ನನ್ನ ಕೈಗೆ ಬರುವುದೆಷ್ಟು ಎಂದು ತಿಳಿದರೆ ಅದು ಇನ್ನೂ ಏರೀತು. ಫ್ಯಾನಿನ ಬಗ್ಗೆ ಮಾತ್ರ ಉತ್ತರ ಕೊಡದೆ ಇರಲಾರೆ. ಹನ್ನೊಂದು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದು, 2016ರಿಂದ ದಾವಣಗೆರೆಯ ಒಂದು ಶಾಲೆಯಲ್ಲಿ ನರ್ಸ್ ಆಗಿದ್ದೇನೆ. ನನ್ನ ಕೋಣೆಯ ಫ್ಯಾನು ಎರಡನೇ ನಂಬರಿಗಿಂತ ಜೋರಾಗಿ ತಿರುಗುವುದಿಲ್ಲ.

ಫೋನ್ ಏಕೆ ಮಾಡುತ್ತೇವೆ ಎಂಬುದನ್ನು ಮೊದಲು ಹೇಳುತ್ತೇನೆ. ‘ಹನ್ನೊಂದೂವರೆಯ ಜ್ವರ’ ಎಂಬ ಕಾಯಿಲೆಯೊಂದಿದೆ. ಹೆಸರು ನಾನೇ ಇಟ್ಟದ್ದು, ಪಠ್ಯಪುಸ್ತಕಗಳಲ್ಲಿ ಸಿಗುವುದಿಲ್ಲ. ಬೆಳಗ್ಗೆ ಏಳಕ್ಕೆ ಮಗುವಿನ ಮೈ ಕಾದಿರುತ್ತದೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೊರಡಬೇಕು. ಪ್ಯಾರಸಿಟಮಾಲ್ ಸಿರಪ್ ಕುಡಿಸಿ, ಎರಡು ಜಡೆ ಹೆಣೆದು, ವ್ಯಾನ್ ಹತ್ತಿಸುತ್ತಾರೆ. ಪ್ರಾರ್ಥನೆಯ ಹೊತ್ತಿಗೆ ಜ್ವರ ಇಳಿದಿರುತ್ತದೆ. ಮಗು ಎಲ್ಲರಿಗಿಂತ ಗಟ್ಟಿಯಾಗಿ ನಾಡಗೀತೆ ಹಾಡುತ್ತದೆ. ಆ ಔಷಧಿಯ ಆಟ ನಾಲ್ಕರಿಂದ ಆರು ಗಂಟೆ, ಅಷ್ಟೇ. ಹನ್ನೊಂದೂವರೆಗೆ ಸರಿಯಾಗಿ ಇಬ್ಬರು ಗೆಳತಿಯರು ಅವಳನ್ನು ಆಚೀಚೆ ಹಿಡಿದುಕೊಂಡು, ಗಣಪತಿ ವಿಸರ್ಜನೆಗೆ ಹೊರಟವರಂತೆ, ನನ್ನ ಬಾಗಿಲಿಗೆ ತರುತ್ತಾರೆ. ಥರ್ಮಾಮೀಟರ್ 102 ತೋರಿಸುತ್ತದೆ. ‘ಬೆಳಗ್ಗೆ ಔಷಧಿ ಕುಡಿದೆಯಾ ಕಂದ?’ ಎಂದು ಕೇಳಿದರೆ ಒಮ್ಮೆ ಒಂದನೇ ತರಗತಿಯ ಹುಡುಗಿ ಕೊಟ್ಟ ಉತ್ತರ: ‘ಕುಡಿದಿಲ್ಲ ಎಂದು ಹೇಳಬೇಕು ಎಂದು ಅಮ್ಮ ಹೇಳಿದ್ದಾರೆ.’

ನಗು ಬರುತ್ತದೆ, ಆದರೆ ಆ ಉತ್ತರದ ಮೇಲೆ ನನ್ನ ಮುಂದಿನ ಕೆಲಸ ನಿಂತಿದೆ. ಎಷ್ಟು ಹೊತ್ತಿಗೆ, ಎಷ್ಟು ಕೊಟ್ಟಿದ್ದೀರಿ ಎಂದು ತಿಳಿಯದೆ ಇನ್ನೊಂದು ಸಲ ಕೊಡುವಂತಿಲ್ಲ. ಕೊಡದೆ ಸುಡುವ ಮೈಯನ್ನು ನೋಡುತ್ತಾ ಕೂರುವಂತೆಯೂ ಇಲ್ಲ. ಆಗ ಫೋನ್ ಮಾಡುತ್ತೇನೆ. ತಂದೆಯೊಬ್ಬರು ‘ಸಿಸ್ಟರ್, ಹರಿಹರದಲ್ಲಿ ಮೀಟಿಂಗ್‌ನಲ್ಲಿದ್ದೇನೆ, ಸಂಜೆಯವರೆಗೆ ಆಗುವುದಿಲ್ಲ’ ಎಂದರು. ಅವರ ಬೆನ್ನ ಹಿಂದಿನಿಂದ ‘ಎರಡು ಬೆಣ್ಣೆ, ಒಂದು ಖಾಲಿ’ ಎಂಬ ಕೂಗೂ, ಕಾವಲಿಯ ಮೇಲೆ ನೀರು ಚಿಮುಕಿಸಿದ ಚುಂಯ್ ಎಂಬ ಸದ್ದೂ ಕೇಳಿಸಿತು. ನಾನು ಏನೂ ಹೇಳಲಿಲ್ಲ. ಇಪ್ಪತ್ತು ನಿಮಿಷಕ್ಕೆ ಬಂದರು. ಮೀಟಿಂಗ್ ಬೇಗ ಮುಗಿಯಿತಂತೆ. ಹಾಗೆಂದು ಎಲ್ಲರೂ ದೋಸೆ ತಿನ್ನುತ್ತಿರುವುದಿಲ್ಲ. ಅರ್ಧ ದಿನ ರಜೆ ಹಾಕಿದರೆ ಅರ್ಧ ದಿನದ ಕೂಲಿ ಕಳೆದುಕೊಳ್ಳುವ ತಾಯಂದಿರು ನನಗೆ ಗೊತ್ತು. ಅಂಥವರ ಮಕ್ಕಳನ್ನು ನನ್ನ ಕೋಣೆಯ ಒಂದೇ ಮಂಚದ ಮೇಲೆ ನಾಲ್ಕು ಗಂಟೆಯವರೆಗೆ ಮಲಗಿಸಿಕೊಂಡಿದ್ದೇನೆ. ನಾನು ಕೇಳುವುದು ಇಷ್ಟೇ: ಔಷಧಿ ಕೊಟ್ಟಿದ್ದರೆ ಡೈರಿಯಲ್ಲಿ ಹೊತ್ತು ಬರೆದು ಕಳಿಸಿ. ಸುಳ್ಳು ಹೇಳುವ ಕೆಲಸವನ್ನು ಒಂದನೇ ತರಗತಿಯವರಿಗೆ ವಹಿಸಬೇಡಿ, ಅವರಿಗೆ ಬರುವುದಿಲ್ಲ.

ಏಳನೇ ತರಗತಿಯವರಿಗೆ ಚೆನ್ನಾಗಿ ಬರುತ್ತದೆ. ಬಾಟಲಿಯಲ್ಲಿ ತಂದ ಬಿಸಿನೀರು ಕುಡಿದು ಬಂದು ಥರ್ಮಾಮೀಟರಿಗೆ ಬಾಯಿ ತೆರೆಯುವವರು ಇದ್ದರು. ನಾನು ಕಂಕುಳಿಗೆ ಇಡತೊಡಗಿದ ಮೇಲೆ ಆ ವಿದ್ಯೆ ನಶಿಸಿತು. ಹೊಟ್ಟೆನೋವಿಗೆ ಯಾವ ಯಂತ್ರವೂ ಇಲ್ಲದಿರುವುದರಿಂದ ಈಗ ಎಲ್ಲರೂ ಹೊಟ್ಟೆನೋವಿಗೆ ವಲಸೆ ಹೋಗಿದ್ದಾರೆ.

ಚಿಕ್ಕವರ ಸಮಸ್ಯೆಗಳು ಬೇರೆ. ನಮ್ಮೂರಿನಲ್ಲಿ ಮಂಡಕ್ಕಿ ಯಾವ ಡಬ್ಬಿಯಲ್ಲಿ ಬೇಕಾದರೂ ಇರುತ್ತದೆ, ಎಲ್‌ಕೆಜಿ ಹುಡುಗನ ಮೂಗಿನಲ್ಲೂ ಇತ್ತು. ಆಯಾ ಹೇರ್‌ಪಿನ್ ಹಿಡಿದು ಸಿದ್ಧಳಾಗಿದ್ದಳು. ಅವಳ ಕೈಯಿಂದ ಅದನ್ನು ಕಿತ್ತುಕೊಂಡದ್ದೇ ಆ ದಿನ ನಾನು ಮಾಡಿದ ಚಿಕಿತ್ಸೆ, ಏಕೆಂದರೆ ಕೆದಕಿದಷ್ಟೂ ಅದು ಒಳಗೆ ಹೋಗುತ್ತದೆ. ಮಂಡಕ್ಕಿಯಾದ್ದರಿಂದ ಸ್ವಲ್ಪ ಧೈರ್ಯವಿತ್ತು. ಆಟಿಕೆಯ ಗುಂಡಿಯಂಥ ಬ್ಯಾಟರಿಯಾಗಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕಿತ್ತು, ಅದು ಒಳಗಿನ ಚರ್ಮವನ್ನು ಸುಡುತ್ತದೆ. ತಾಯಿ ಆಟೋದಲ್ಲಿ ಅಳುತ್ತಾ ಬಂದರು. ಅವರನ್ನು ಕಂಡದ್ದೇ ಹುಡುಗನಿಗೆ ಅಳು ಬಂತು, ಅಳುವಿನ ನಡುವೆ ಸೀನು ಬಂತು, ಮಂಡಕ್ಕಿ ಅಮ್ಮನ ಸೀರೆಯ ಮೇಲೆ ಬಂದು ಬಿತ್ತು. ‘ಅದು ನನ್ನದು, ಕೊಡಿ’ ಎಂದು ಅವನು ಇನ್ನಷ್ಟು ಅತ್ತ.

ಶಾಲೆಯಲ್ಲಿ ನನಗಿಂತ ಹಿರಿಯ ವೈದ್ಯರು ಬಹಳ ಮಂದಿ ಇದ್ದಾರೆ. ಮೂಗಿನಲ್ಲಿ ರಕ್ತ ಬಂದರೆ ದೈಹಿಕ ಶಿಕ್ಷಣದ ಮೇಷ್ಟ್ರು ಮಗುವಿನ ತಲೆಯನ್ನು ಹಿಂದಕ್ಕೆ ಬಗ್ಗಿಸಿ ನೆತ್ತಿಗೆ ಒಂದು ಬಿಂದಿಗೆ ನೀರು ಸುರಿಯುತ್ತಾರೆ. ರಕ್ತವೆಲ್ಲ ಗಂಟಲಿಗೆ ಇಳಿದು ಮಗು ವಾಂತಿ ಮಾಡಿಕೊಳ್ಳುತ್ತದೆ. ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು ಎಂದು ನಾನು ಪ್ರತಿ ಜೂನ್‌ನಲ್ಲಿ ಹೇಳುತ್ತೇನೆ, ಅವರು ಪ್ರತಿ ಜೂನ್‌ನಲ್ಲಿ ತಲೆಯಾಡಿಸುತ್ತಾರೆ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಕೊಯ್ದ ಗಾಯಕ್ಕೆ ಕಾಫಿಪುಡಿ, ಜೇನುಹುಳು ಕಡಿದರೆ ಎಲೆಯಡಿಕೆಯ ಸುಣ್ಣ. ಇವೆಲ್ಲವನ್ನು ತೊಳೆದು ತೆಗೆಯುವುದರಲ್ಲೇ ನನ್ನ ಅರ್ಧ ಹತ್ತಿ ಖಾಲಿಯಾಗುತ್ತದೆ. ಹಣೆಯ ಬುಗುಟೆಗೆ ಇಡುವ ಐಸ್‌ಪ್ಯಾಕ್ ಆಫೀಸಿನ ಫ್ರಿಜ್ಜಿನಲ್ಲಿದೆ, ಅತಿಥಿಗಳ ಬಾದಾಮಿ ಹಾಲಿನ ಅಡಿಯಲ್ಲಿ. ಅದನ್ನು ತರಲು ಹೋದವನು ಬಾದಾಮಿ ಹಾಲು ಕುಡಿದು ಬಂದ ಪ್ರಸಂಗವೂ ಆಗಿದೆ.

ನನ್ನ ತಪ್ಪನ್ನೂ ಒಂದು ಹೇಳಿಬಿಡುತ್ತೇನೆ. ಪರೀಕ್ಷೆಯ ಮೇಲ್ವಿಚಾರಣೆ, ವ್ಯಾನ್ ಶುಲ್ಕದ ರಸೀದಿ, ಎಲ್ಲದರ ಜೊತೆಗೆ ವಾರ್ಷಿಕೋತ್ಸವದ ಬಣ್ಣಗಾರಿಕೆಯೂ ನನ್ನದೇ. ಗಾಯ ನೋಡಿ ಅಭ್ಯಾಸವಿದೆಯಲ್ಲ ಎಂದು ಒಂದು ವರ್ಷ ಕಿತ್ತೂರು ಚೆನ್ನಮ್ಮನ ಸೈನ್ಯಕ್ಕೆಲ್ಲ ಕುಂಕುಮ, ಕೊಬ್ಬರಿ ಎಣ್ಣೆ ಕಲಸಿ ಗಾಯ ಬರೆಯಲು ಕೂರಿಸಿದರು. ಇಪ್ಪತ್ತೆಂಟು ಸೈನಿಕರಿಗೆ ಗಾಯ ಮಾಡಿದೆ. ನಾಟಕದ ನಡುವೆ ಒಬ್ಬ ಸೈನಿಕ ಮೊಣಕಾಲು ಹಿಡಿದುಕೊಂಡು ಬಂದ. ‘ಹೋಗೋ, ನಾನೇ ಬರೆದದ್ದು’ ಎಂದು ವೇದಿಕೆಗೆ ಅಟ್ಟಿದೆ. ಅವನು ಯುದ್ಧ ಮುಗಿಸಿಯೇ ಬಂದ. ಮೂರು ಹೊಲಿಗೆ ಬಿದ್ದವು. ಅವನಿಗೆ ಅಭಿನಯದ ಬಹುಮಾನವೂ ಬಂತು.

2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ನಡೆಯಿತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೆ ಒಂದು ಚುಚ್ಚುಮದ್ದು. ಶಾಲೆಗೆ ಸೇರಿ ವರ್ಷವಾಗಿರಲಿಲ್ಲ. ಹಿಂದಿನ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಏನೇನೋ ಹರಿದಾಡಿ, ಮರುದಿನ ಕಾಲು ಭಾಗ ಮಕ್ಕಳು ಗೈರು. ಬಂದವರಲ್ಲಿ ಒಬ್ಬಳು ಸೂಜಿ ನೋಡಿ ತಲೆಸುತ್ತಿ ಕುಳಿತಳು, ಅವಳನ್ನು ನೋಡಿ ಸಾಲಿನಲ್ಲಿದ್ದ ಇನ್ನೂ ಒಂಬತ್ತು ಮಂದಿ ಕುಳಿತರು. ಇನ್ನೂ ಯಾರಿಗೂ ಚುಚ್ಚಿಯೇ ಇರಲಿಲ್ಲ! ಐದನೇ ತರಗತಿಯ ಒಬ್ಬ ತೋಳು ಮೇಲೆತ್ತಿ, ಹುಟ್ಟಿದಾಗ ಹಾಕಿಸಿದ ಬಿಸಿಜಿಯ ಗುರುತು ತೋರಿಸಿ, ‘ನನಗೆ ಆಗಿದೆ ಮಿಸ್, ನೋಡಿ, ಸೀಲು ಒತ್ತಿದ್ದಾರೆ’ ಎಂದ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಬಂದಿದ್ದ ಸಿಸ್ಟರ್ ನಕ್ಕು ನಕ್ಕು ಸಿರಿಂಜ್ ಕೆಳಗಿಟ್ಟರು. ಹೀಗೆಯೇ ಜಂತುಹುಳು ನಿವಾರಣಾ ದಿನ, ಫೆಬ್ರುವರಿ 10 ಮತ್ತು ಆಗಸ್ಟ್ 10. ಆಲ್ಬೆಂಡಜೋಲ್ ಮಾತ್ರೆಯನ್ನು ಎದುರಿಗೇ ಜಗಿಸಿ ನುಂಗಿಸಬೇಕು. ನಾಲಿಗೆಯಡಿ ಬಚ್ಚಿಟ್ಟದ್ದು ಮರುದಿನ ತುಳಸಿಕಟ್ಟೆಯಲ್ಲಿ ಸಿಗುತ್ತದೆ. ನಮ್ಮ ಶಾಲೆಯ ತುಳಸಿಗೆ ಈ ಜನ್ಮದಲ್ಲಿ ಹುಳುಬಾಧೆ ಇಲ್ಲ.

ಹೊಟ್ಟೆನೋವಿನ ವಲಸಿಗರ ಬಗ್ಗೆ ಹೇಳಿದೆನಲ್ಲ, ಅವರನ್ನು ಅಣಕಿಸುವಾಗ ನಾನು ಸ್ವಲ್ಪ ಹುಷಾರಾಗಿರುತ್ತೇನೆ. ಆರನೇ ತರಗತಿಯ ಹುಡುಗಿಯೊಬ್ಬಳು ಮಂಗಳವಾರ, ಗುರುವಾರ ಮಧ್ಯಾಹ್ನ ತಪ್ಪದೆ ಬರುತ್ತಿದ್ದಳು. ನನ್ನ ಕೋಣೆಗೆ ಬಂದವರ ಪುಸ್ತಕ ತಿರುವಿ ನೋಡಿದರೆ ಎರಡೂ ದಿನ ಆ ಹೊತ್ತಿಗೆ ಗಣಿತ. ಗಣಿತದ ಮೇಡಂ ಹತ್ತಿರ ಹೇಳಿ ನಕ್ಕೆ. ಅವರು ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಆಮೇಲೆ ಒಂದು ಗುರುವಾರ ಅವಳ ನೀರಿನ ಬಾಟಲಿ ಎತ್ತಿ ನೋಡಿದರೆ ಬೆಳಗ್ಗೆ ತುಂಬಿಸಿ ತಂದದ್ದು ಹಾಗೇ ಇದೆ. ಕೇಳಿದೆ. ಮಹಡಿಯ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ. ಗೆಳತಿ ಹೊರಗೆ ನಿಂತು ಹಿಡಿದುಕೊಳ್ಳಬೇಕು. ಆ ಎರಡು ದಿನ ಗೆಳತಿಗೆ ಕಬಡ್ಡಿ ಅಭ್ಯಾಸ. ಹೀಗಾಗಿ ಇವಳು ಬೆಳಗಿನಿಂದ ನೀರನ್ನೇ ಕುಡಿಯುತ್ತಿರಲಿಲ್ಲ. ಮೂತ್ರ ಪರೀಕ್ಷೆ ಮಾಡಿಸಿದಾಗ ಸೋಂಕು ಇತ್ತು. ಚಿಲಕಕ್ಕೆ ನಾನು ಅರ್ಜಿ ಕೊಟ್ಟೆ. ಅರ್ಜಿ ಒಂದು ತಿಂಗಳು ಮೇಜಿನಿಂದ ಮೇಜಿಗೆ ನಡೆದಾಡಿತು. ಕೊನೆಗೆ ಹಾರ್ಡ್‌ವೇರ್ ಅಂಗಡಿಯಿಂದ ನಾನೇ ತಂದು ವ್ಯಾನ್ ಡ್ರೈವರ್ ಅಣ್ಣನ ಕೈಯಲ್ಲಿ ಹಾಕಿಸಿದೆ. ಚಿಲಕ, ಸ್ಕ್ರೂ ಸೇರಿ ಎಂಬತ್ತು ರೂಪಾಯಿ. ಗಣಿತದ ಮೇಡಂಗೆ ಕ್ಷಮೆ ಕೇಳಿದೆ.

ಇಷ್ಟೆಲ್ಲ ಬರೆದದ್ದು ಒಂದು ವಿಷಯ ಹೇಳುವುದಕ್ಕಾಗಿ. ಪ್ರವೇಶದ ಅರ್ಜಿಯಲ್ಲಿ ‘ಮಗುವಿಗೆ ಯಾವುದಾದರೂ ಕಾಯಿಲೆ ಇದೆಯೇ?’ ಎಂಬ ಕಾಲಂ ಇದೆ. ನಮ್ಮಲ್ಲಿ ಒಂಬೈನೂರು ಮಕ್ಕಳಿದ್ದಾರೆ. ನಾಲ್ಕು ವರ್ಷದ ಹಿಂದೆ ಕುಳಿತು ಎಲ್ಲ ಅರ್ಜಿ ನೋಡಿದೆ. ಒಂಬೈನೂರರಲ್ಲೂ ‘ಇಲ್ಲ’. ಕೆಲವರು ಎರಡು ಸಲ ಅಡಿಗೆರೆ ಎಳೆದಿದ್ದರು.

ಅದೇ ವರ್ಷ ಕ್ರೀಡಾಕೂಟದ ತಾಲೀಮಿನಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಮೈದಾನದಲ್ಲಿ ಬಿದ್ದು ಸೆಟೆದುಕೊಂಡಳು. ನಾನು ಓಡಿ ತಲುಪುವಷ್ಟರಲ್ಲಿ ಒಬ್ಬರು ಅವಳ ಕೈಗೆ ಬೀಗದ ಕೈ ಗೊಂಚಲು ತುರುಕಿದ್ದರು, ಇನ್ನೊಬ್ಬರು ಈರುಳ್ಳಿ ಜಜ್ಜುತ್ತಿದ್ದರು, ಮತ್ತೊಬ್ಬರು ಹಲ್ಲುಗಳ ನಡುವೆ ಚಮಚ ತೂರಿಸಲು ನೋಡುತ್ತಿದ್ದರು. ಎಲ್ಲರನ್ನೂ ಸರಿಸಿ, ಅವಳ ತಲೆಯ ಕೆಳಗೆ ನನ್ನ ಚೀಲವಿಟ್ಟು, ಟೈ ಸಡಿಲಿಸಿ, ಅದುರುವುದು ತಗ್ಗಿದಂತೆ ಪಕ್ಕಕ್ಕೆ ಹೊರಳಿಸಿದೆ. ಬಾಯಿಗೆ ಏನನ್ನೂ ಹಾಕಬಾರದು. ಕೈಗಡಿಯಾರ ನೋಡುತ್ತಿರಬೇಕು. ಐದು ನಿಮಿಷ ದಾಟಿದರೆ 108. ಮೂರು ನಿಮಿಷಕ್ಕೆ ನಿಂತಿತು. ಆ ಮೂರು ನಿಮಿಷ ನನಗೆ ಗೊತ್ತಿರಲಿಲ್ಲ, ಇದು ಅವಳಿಗೆ ಮೊದಲ ಸಲವೋ ಹತ್ತನೆಯ ಸಲವೋ, ಯಾವ ಮಾತ್ರೆ ತೆಗೆದುಕೊಳ್ಳುತ್ತಾಳೆ, ಬೆಳಗ್ಗೆ ತೆಗೆದುಕೊಂಡಿದ್ದಾಳೋ ಇಲ್ಲವೋ.

ತಾಯಿ ಬಂದರು. ಅವರ ಮುಖದಲ್ಲಿ ಗಾಬರಿಯಿತ್ತು, ಆಶ್ಚರ್ಯವಿರಲಿಲ್ಲ. ಬಾಗಿಲು ಮುಂದೆ ಮಾಡಿ ನನ್ನ ಕೈ ಹಿಡಿದುಕೊಂಡರು. ‘ಮೂರು ವರ್ಷದಿಂದ ಮಾತ್ರೆ ನಡೆಯುತ್ತಿದೆ ಸಿಸ್ಟರ್. ಬೇಳೆ ಡಬ್ಬಿಯೊಳಗೆ ಇಟ್ಟಿರುತ್ತೇನೆ, ನಮ್ಮ ಅತ್ತೆಗೂ ಗೊತ್ತಿಲ್ಲ. ಊರಿನಿಂದ ನೆಂಟರು ಬಂದಿದ್ದರು, ಎರಡು ದಿನ ಕೊಡಲು ಆಗಲಿಲ್ಲ. ಹೆಣ್ಣುಮಗು, ಯಾರಿಗೂ ಹೇಳಬೇಡಿ’ ಎಂದರು. ನಾನು ಅವರನ್ನು ಬೈಯಲಿಲ್ಲ. ಮುಂದೆ ಹೆಣ್ಣು ನೋಡಲು ಬಂದವರು ಏನೆಂದಾರು ಎಂಬ ಲೆಕ್ಕವನ್ನು ಹನ್ನೆರಡು ವರ್ಷದ ಹುಡುಗಿಯ ತಾಯಿಗೆ ಕಲಿಸಿದ್ದು ನಾವೇ ಎಲ್ಲರೂ. ಅರ್ಜಿ ಆಫೀಸಿನ ಮೇಜಿನ ಮೇಲೆ ಬಿದ್ದಿರುತ್ತದೆ, ಗುಮಾಸ್ತರು, ಜವಾನರು, ಪಕ್ಕದಲ್ಲಿ ಶುಲ್ಕ ಕಟ್ಟಲು ನಿಂತವರು ಎಲ್ಲರೂ ಓದುತ್ತಾರೆ. ಅಲ್ಲಿ ‘ಫಿಟ್ಸ್’ ಎಂದು ಬರೆಯಲು ನನಗೂ ಕೈ ಬರುತ್ತಿರಲಿಲ್ಲ.

ಆ ಕಾಲಂ ಅನ್ನು ಅರ್ಜಿಯಿಂದ ತೆಗೆಸಿದೆ. ಜೂನ್‌ನಲ್ಲಿ ಪ್ರತಿ ಮನೆಗೂ ಒಂದು ಲಕೋಟೆ ಹೋಗುತ್ತದೆ. ಅಂಟಿಸಿ ನೇರವಾಗಿ ನನ್ನ ಕೈಗೆ ಕೊಡಬೇಕು. ನನ್ನ ಬೀರುವಿನಲ್ಲಿರುತ್ತದೆ, ಬೀಗದ ಕೈ ನನ್ನ ಕೊರಳಲ್ಲಿದೆ. ಮೊದಲ ವರ್ಷ ಹನ್ನೊಂದು ಮಕ್ಕಳ ವಿಷಯ ಬಂತು: ಫಿಟ್ಸ್, ಉಬ್ಬಸ, ಇನ್ಸುಲಿನ್ ತೆಗೆದುಕೊಳ್ಳುವ ಒಬ್ಬ ಹುಡುಗ, ಶೇಂಗಾ ತಿಂದರೆ ಮುಖ ಊದಿಕೊಳ್ಳುವ ಇನ್ನೊಬ್ಬಳು. ಶೇಂಗಾ ಚಿಕ್ಕಿ ಹಂಚುವ ಶಾಲೆಯಲ್ಲಿ ಇದು ನನಗೆ ಮೊದಲೇ ತಿಳಿದಿರಬೇಕಿತ್ತು! ಉಬ್ಬಸದ ಹುಡುಗನ ತಂದೆ ‘ಇನ್ಹೇಲರ್ ಅಭ್ಯಾಸವಾಗಿಬಿಡುತ್ತದೆ’ ಎಂದು ಅದನ್ನು ಮನೆಯಲ್ಲೇ ಇಟ್ಟಿದ್ದರು. ಕನ್ನಡಕವೂ ಅಭ್ಯಾಸವಾಗುತ್ತದಲ್ಲ ಸಾರ್ ಎಂದೆ. ಅವರೂ ಕನ್ನಡಕ ಹಾಕಿದ್ದರು. ಈಗ ಇನ್ಹೇಲರ್ ಹುಡುಗನ ಚೀಲದಲ್ಲಿದೆ. ಮೈದಾನದಲ್ಲಿ ಬಿದ್ದ ಹುಡುಗಿಯ ತಾಯಿ, ಫಿಟ್ಸ್ ನಿಲ್ಲದಿದ್ದರೆ ಹಾಕಲು ವೈದ್ಯರು ಬರೆದುಕೊಟ್ಟ ಮೂಗಿನ ಸ್ಪ್ರೇ ತಂದು ಕೊಟ್ಟಿದ್ದರು, ಅವಳ ಹೆಸರು ಬರೆದು ಮೇಲಿನ ಅರೆಯಲ್ಲಿ ಇಟ್ಟಿದ್ದೆ. ಕೊನೆಯವರೆಗೂ ಬೇಕಾಗಲಿಲ್ಲ. ಅವಳು ಹತ್ತನೇ ತರಗತಿ ಮುಗಿಸಿದಳು.

ಹೀಗೆ ಲಕೋಟೆ ಇಡಲು ಸರ್ಕಾರದ ಆದೇಶವೇನೂ ಬೇಕಿಲ್ಲ, ಬೀಗವಿರುವ ಒಂದು ಬೀರು ಸಾಕು. ನರ್ಸ್ ಇಲ್ಲದ ಶಾಲೆಗಳಲ್ಲಿ ತರಗತಿಯ ಶಿಕ್ಷಕಿಯೂ ಇದನ್ನು ಇಟ್ಟುಕೊಳ್ಳಬಹುದು.

ಪತ್ರ ಬರೆದ ಪೋಷಕರು ಯಾವ ಊರಿನವರೋ ತಿಳಿಯದು. ಒಂದು ವೇಳೆ ನಮ್ಮ ಶಾಲೆಯವರೇ ಆಗಿದ್ದರೆ, ಈ ವರ್ಷ ಇನ್ನೂ ಎಪ್ಪತ್ತು ಮನೆಗಳಿಂದ ಲಕೋಟೆ ಬಂದಿಲ್ಲ, ನಿಮ್ಮದೂ ಅದರಲ್ಲಿದೆಯೇ ನೋಡಿ. ಹಾಗೆಯೇ ಮೂರನೇ ತರಗತಿಯ ಯಾರದೋ ನೀಲಿ ಬಾಟಲಿ, ಎಡಗಾಲಿನ ಒಂದು ಕಾಲುಚೀಲ ಮತ್ತು ಕಾಗದದಲ್ಲಿ ಸುತ್ತಿದ ಒಂದು ಹಾಲುಹಲ್ಲು ಗುರುವಾರದಿಂದ ನನ್ನ ಕೋಣೆಯಲ್ಲಿವೆ. ಹಲ್ಲನ್ನು ಸೂರಿನ ಮೇಲೆ ಎಸೆಯಬೇಕು, ಕಳೆದರೆ ಅಜ್ಜಿ ಬೈಯುತ್ತಾರೆ ಎಂದು ಹೇಳಿ ಹೋಗಿದ್ದಾನೆ. ದಯವಿಟ್ಟು ಬಂದು ತೆಗೆದುಕೊಂಡು ಹೋಗಿ.

– ಮಕ್ಕಳು ‘ಸಿಸ್ಟರ್ ಮಿಸ್’ ಎಂದು ಕರೆಯುವ ಶಾಲಾ ನರ್ಸ್, ದಾವಣಗೆರೆ
(ಹೆಸರು ಪ್ರಕಟಿಸಬಾರದೆಂದು ವಿನಂತಿ)