ಕೈತೋಟದ ಅಂಕಣ ನಮ್ಮ ಬಿಸಿಲಿಗೂ ಬರಲಿ

ಸಂಪಾದಕರಿಗೆ ನಮಸ್ಕಾರ.

ವಸಂತ ಕಾಲದ ಕೈತೋಟದ ಬಗ್ಗೆ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಬರಹ ಚೆನ್ನಾಗಿದೆ, ಫೋಟೊಗಳೂ ಚೆನ್ನಾಗಿವೆ. ಆದರೆ ಅದು ಕಲಬುರಗಿಯವರಿಗಲ್ಲ. ಮಾರ್ಚ್ ಕೊನೆಯಲ್ಲಿ ಟೊಮೆಟೊ ಸಸಿ ನೆಡಿ, ಬೀನ್ಸ್ ಬೀಜ ಊರಿ, ಕೊತ್ತಂಬರಿಗೆ ಬಿಸಿಲು ಚೆನ್ನಾಗಿ ಬೀಳಲಿ ಎಂದು ಬರೆದಿದ್ದಾರೆ. ಇಲ್ಲಿ ಆ ಹೊತ್ತಿಗೆ ಇದನ್ನೆಲ್ಲ ಮಾಡಿದರೆ ಕೈಗೆ ಸಿಗುವುದು ಒಣ ಕಡ್ಡಿ.

ನಾನು ರಿಂಗ್ ರೋಡ್ ಹತ್ತಿರ ಸಣ್ಣ ರೊಟ್ಟಿ ಖಾನಾವಳಿ ನಡೆಸುತ್ತೇನೆ. ಹಿಂದುಗಡೆ ಒಂದು ಖಾಲಿ ಸೈಟ್ ಇದೆ. ಅದರ ಮಾಲೀಕರು ಹೈದರಾಬಾದಿನಲ್ಲಿದ್ದಾರೆ. ಜಾಲಿ ಬೆಳೆದು ಹಂದಿ ಸೇರುವುದಕ್ಕಿಂತ ನೀವೇ ಏನಾದರೂ ಹಾಕಿಕೊಳ್ಳಿ ಅಕ್ಕಾ ಅಂದರು. ಖಾನಾವಳಿಗೆ ಬೇಕಾದ ಮೆಂತ್ಯ, ಪುಂಡಿಪಲ್ಯ (ಗೋಂಗುರ ಸೊಪ್ಪು), ಬದನೆಕಾಯಿ, ಹಸಿಮೆಣಸಿನಕಾಯಿ ಈಗ ಜಾಸ್ತಿ ಅಲ್ಲಿಂದಲೇ ಬರುತ್ತದೆ. ಹಾಗಾಗಿ ತೋಟ ನನಗೆ ಹೊತ್ತು ಕಳೆಯುವ ಕೆಲಸವಲ್ಲ. ಸೊಪ್ಪು ಕೈಕೊಟ್ಟ ದಿನ ಮಾರ್ಕೆಟ್‌ಗೆ ಓಡಬೇಕು, ಬೇಸಿಗೆಯಲ್ಲಿ ಒಂದು ಸಿವುಡು ಮೆಂತ್ಯಕ್ಕೆ ಅಲ್ಲಿ ಹೇಳುವ ರೇಟು ಕೇಳಿದರೆ ರೊಟ್ಟಿ ಊಟದ ಲೆಕ್ಕವೇ ತಪ್ಪುತ್ತದೆ.

ಪಂಚಾಂಗದ ವಸಂತ ಶುರುವಾಗುವುದು ಯುಗಾದಿಗೆ. ನಮ್ಮ ತೋಟದ ವಸಂತ ಅಷ್ಟರಲ್ಲಿ ಮುಗಿದಿರುತ್ತದೆ. ಶಿವರಾತ್ರಿಗೆ ಚಳಿ ಬಿಟ್ಟಿತು ಅನ್ನುತ್ತೇವಲ್ಲ, ಅಲ್ಲಿಂದ ಹೋಳಿ ಮುಗಿದು ಶರಣಬಸವೇಶ್ವರರ ತೇರು ಎಳೆಯುವವರೆಗೆ, ಅಷ್ಟೇ. ಜಾತ್ರೆ ಮುಗಿಸಿ ಊಟಕ್ಕೆ ಬಂದವರು ಫ್ಯಾನಿನ ಕೆಳಗಿನ ಜಾಗವೇ ಬೇಕು ಅನ್ನುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರವೇ ನಮ್ಮ ಭಾಗದ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚಿಸುತ್ತದೆ. ಫ್ಯಾನಿನ ಕೆಳಗೆ ಕೂತ ಗುಮಾಸ್ತರಿಗೇ ತಡೆಯದ ಬಿಸಿಲು ಟೊಮೆಟೊ ಸಸಿಗೆ ತಡೆಯುತ್ತದಾ?

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ನಾವು ಅದರ ಅರ್ಧ ಎತ್ತರದಲ್ಲಿದ್ದೇವೆ. ಬಿಸಿಲು 38 ಡಿಗ್ರಿ ದಾಟಿದರೆ ಟೊಮೆಟೊ ಹೂವಿನ ಪರಾಗ ಕೆಟ್ಟುಹೋಗುತ್ತದೆ, ಕಾಯಿ ಕಟ್ಟುವುದಿಲ್ಲ. ಗಿಡ ಎದೆಮಟ್ಟ ಬೆಳೆದು ಹಸಿರಾಗಿಯೇ ಇರುತ್ತದೆ. ಬೆಳಿಗ್ಗೆ ಬಗ್ಗಿ ನೋಡಿದರೆ ಹಳದಿ ಹೂಗಳು ತೊಟ್ಟಿನ ಗಂಟಿನಲ್ಲೇ ಕಳಚಿ ಬುಡದ ಸುತ್ತ ಬಿದ್ದಿರುತ್ತವೆ. ಗೊಬ್ಬರದ ಅಂಗಡಿಗೆ ಹೋಗಿ ಹೇಳಿದರೆ ಒಂದು ಟಾನಿಕ್ ಬಾಟಲಿ ಕೈಗಿಡುತ್ತಾರೆ. ಟಾನಿಕ್ಕಿನಿಂದ ಬಿಸಿಲು ಇಳಿಯುವುದಿಲ್ಲ. ದೀಪಾವಳಿ ಆಸುಪಾಸಿನಲ್ಲಿ ಸಸಿ ನೆಟ್ಟರೆ ಮಾತ್ರ ನಮಗೆ ಹಣ್ಣು. ಕೊತ್ತಂಬರಿಯದೂ ಅದೇ ಕತೆ. ಯುಗಾದಿ ಹೊತ್ತಿಗೆ ಅಗಲ ಎಲೆ ಬಿಡುವುದನ್ನೇ ನಿಲ್ಲಿಸಿ ಸಬ್ಬಸಗಿಯ ಹಾಗೆ ಎಳೆ ಎಳೆಯಾಗುತ್ತದೆ, ಆಮೇಲೆ ಸೀದಾ ಹೂವಿಗೆ ಹೋಗುತ್ತದೆ.

ಇನ್ನು ಮಣ್ಣು. ದಿನಕ್ಕೆ ಎರಡು ಹೊತ್ತು ನೀರು ಕೊಡಿ ಎಂದು ಬರೆದವರು ನಮ್ಮ ಎರೆ ಮಣ್ಣಿನಲ್ಲಿ, ಅಂದರೆ ಕಪ್ಪು ಜಿಗುಟು ಮಣ್ಣಿನಲ್ಲಿ, ಚಪ್ಪಲಿ ಕಳೆದುಕೊಂಡವರಲ್ಲ. ಎರಡು ಹೊತ್ತು ನೀರು ಹಾಕಿದರೆ ಅದು ಅಂಟಿಕೊಂಡು ಕೂರುತ್ತದೆ, ಬೇರು ಕೊಳೆಯುತ್ತದೆ. ನಾಲ್ಕು ದಿನ ಬಿಟ್ಟರೆ ಬಿರಿಯುತ್ತದೆ. ಬದನೆ ಗಿಡದ ಪಕ್ಕದಲ್ಲೇ ಬಿರುಕು ಬಿಟ್ಟಿದ್ದರೆ ಒಳಗೆ ನೋಡಬೇಕು. ಎರಡೂ ಕಡೆಯಿಂದ ಬಿಳಿ ಬೇರಿನ ತುದಿಗಳು ಹರಿದು ನೇತಾಡುತ್ತಿರುತ್ತವೆ. ಮೇಲೆ ಗಿಡ ಬಾಡಿದೆ ಎಂದು ಇನ್ನಷ್ಟು ನೀರು ಸುರಿಯುತ್ತೇವೆ, ಆ ನೀರು ಬಿರುಕಿನಲ್ಲಿ ಇಳಿದು ಎಲ್ಲಿಗೋ ಹೋಗುತ್ತದೆ. ಅದೂ ನಮ್ಮಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬೋರ್ ನೀರಿನಲ್ಲಿ ಉಪ್ಪು, ಮಡಿಯ ಅಂಚಿಗೆ ಬಿಳಿ ಪದರ ಕಟ್ಟುತ್ತದೆ. ನಾನು ತರಕಾರಿ, ಅಕ್ಕಿ, ಬೇಳೆ ತೊಳೆದ ನೀರನ್ನೇ ಬಕೆಟ್‌ನಲ್ಲಿ ಹಿಡಿದಿಟ್ಟು ಸಂಜೆ ಹಾಕುತ್ತೇನೆ.

ಬಿರುಕಿಗೆ ಮದ್ದು ನಮ್ಮ ಹೊಲಗಳಲ್ಲೇ ಇದೆ. ತೊಗರಿ ರಾಶಿ ಆದ ಮೇಲೆ ಉಳಿಯುವ ಹೊಟ್ಟು, ದನ ತಿಂದು ಬಿಟ್ಟ ಜೋಳದ ಕಣಿಕೆ, ಇವನ್ನು ನಾಲ್ಕು ಬೆರಳು ದಪ್ಪ ಹರಡಿದರೆ ಕೆಳಗಿನ ಮಣ್ಣು ತಂಪಾಗಿರುತ್ತದೆ, ಬಿರಿಯುವುದೂ ಕಡಿಮೆ. ಹೀರೆ ಬಳ್ಳಿಗೆ ಹಂದರ ಹಾಕಲು, ಆಡು ಬಾರದಂತೆ ಬೇಲಿ ಕಟ್ಟಲು ತೊಗರಿ ಕಟ್ಟಿಗೆ ಇದೆ. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಟ್ಯಾಗ್, ಅಂದರೆ ಈ ನೆಲದ ಬೆಳೆ ಎಂಬ ಅಧಿಕೃತ ಗುರುತು, ಸಿಕ್ಕಿತು. ಆಗ ಬೇಳೆಯ ರುಚಿಯ ಬಗ್ಗೆ ಎಲ್ಲ ಪತ್ರಿಕೆಗಳೂ ಬರೆದವು. ಕಟ್ಟಿಗೆಯ ಬಗ್ಗೆ ಒಬ್ಬರಾದರೂ ಬರೆಯಬಾರದಿತ್ತೇ! ಬರಹದಲ್ಲಿ ಹೇಳಿದ ತೆಂಗಿನ ನಾರಿನ ಪುಡಿ ಇಲ್ಲಿ ದುಡ್ಡು ಕೊಟ್ಟು ತರಬೇಕು.

ಎಲ್ಲ ಬಲ್ಲವಳಂತೆ ಬರೆಯುತ್ತಿದ್ದಾಳೆ ಅನ್ನಬೇಡಿ. ಕೈಯಲ್ಲಿಲ್ಲದ್ದೂ ಬೇಕಾದಷ್ಟಿದೆ. ಒಂದು ವರ್ಷ ಮೆಣಸಿನ ಗಿಡ ಹೂವು ತುಂಬಿ ನಿಂತಿದ್ದಾಗ ಸಂಜೆ ಆಣೆಕಲ್ಲು ಮಳೆ ಬಿತ್ತು. ಅರ್ಧ ತಾಸಿನಲ್ಲಿ ಬರೀ ಕೊಂಬೆ ಉಳಿಯಿತು. ಅದಕ್ಕೆ ಯಾರೇನು ಮಾಡಲಾದೀತು? ಬೆಂಡೆಗೆ ಬಿಳಿ ನೊಣದ ಕಾಟ. ಎಲೆಯ ನರ ಹಳದಿಯಾಯಿತೆಂದರೆ ಅದು ನಂಜು ರೋಗ, ಯಾವ ಔಷಧಿಗೂ ಹೋಗುವುದಿಲ್ಲ, ಗಿಡ ಕಿತ್ತು ದೂರ ಹಾಕಬೇಕು. ಬೇವಿನೆಣ್ಣೆ ಹೊಡೆದರೆ ನೊಣ ಕಡಿಮೆಯಾಗುತ್ತದೆ, ಅದೂ ರೋಗ ಬರುವ ಮೊದಲೇ ಹೊಡೆದರೆ.

ಆದರೂ ನಮ್ಮ ಬಿಸಿಲನ್ನು ಬೇಡುವ ಬೆಳೆಗಳಿವೆ. ಅವುಗಳ ಹೆಸರೇ ನಿಮ್ಮ ಬರಹದಲ್ಲಿ ಇಲ್ಲ. ಪುಂಡಿ ಚಿವುಟಿದಷ್ಟೂ ಚಿಗುರುತ್ತದೆ, ಬಿಸಿಲು ಏರಿದಂತೆ ಎಲೆಗೆ ಹುಳಿಯೂ ಏರುತ್ತದೆ ಎಂದು ನನಗನ್ನಿಸುತ್ತದೆ. ತೊಗರಿಬೇಳೆ, ಜೋಳದ ನುಚ್ಚು ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ರೊಟ್ಟಿಗೆ ಬೇರೆ ಏನೂ ಬೇಡ. ಪುಂಡಿಪಲ್ಯ ಇದ್ದ ದಿನ ಲಾರಿ ಡ್ರೈವರ್‌ಗಳು ಹೇಳದೆಯೇ ಇನ್ನೊಂದು ರೊಟ್ಟಿ ತಟ್ಟುತ್ತೇನೆ. ಚವಳಿಕಾಯಿ (ಗೋರಿಕಾಯಿ), ರಾಜಗಿರಿ ಸೊಪ್ಪು ಕೂಡ ಹಾಗೇ, ತಕರಾರಿಲ್ಲ. ಮೆಂತ್ಯವನ್ನು ಮಾತ್ರ ಹಳೆ ಸೀರೆಯ ನೆರಳಲ್ಲಿ ದಟ್ಟವಾಗಿ ಉದುರಿಸಿ, ಗೇಣು ಎತ್ತರ ಆಗುವ ಮೊದಲೇ ಕೀಳುತ್ತೇನೆ. ಹಸಿಯಾಗೇ ತಿನ್ನಲು ಅದೇ ಚೆಂದ.

ಇನ್ನು ನನ್ನ ಬೇಡಿಕೆ. ಕೈತೋಟದ ಅಂಕಣ ನಿಲ್ಲಿಸಬೇಡಿ, ನಮ್ಮ ಭಾಗದವರಿಂದ ಬರೆಸಿ. ಬೀದರ್‌ನಲ್ಲಿ ತೋಟಗಾರಿಕೆ ಕಾಲೇಜಿದೆ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ನಮ್ಮ ಭಾಗ ಎಂದರೂ ಎಲ್ಲ ಒಂದೇ ಅಲ್ಲ. ಬೀದರ್ ಎತ್ತರದ ಊರು, ಅಲ್ಲಿ ಕೆಂಪು ಮಣ್ಣು, ಬಿಸಿಲೂ ಸ್ವಲ್ಪ ಕಡಿಮೆ. ಯಾದಗಿರಿ ಕಡೆ ಶಹಾಪುರ, ಸುರಪುರದಲ್ಲಿ ಕಾಲುವೆ ನೀರು ಕಂಡವರಿದ್ದಾರೆ, ಅವರ ಲೆಕ್ಕ ಬೇರೆ. ಬೀದರ್, ಯಾದಗಿರಿ, ಕಲಬುರಗಿ ಮೂರಕ್ಕೂ ಒಂದೊಂದು ಸಾಲು ಬರೆದರೂ ಸಾಕು. ಟೊಮೆಟೊ ವಿಷಯ ದಸರಾಕ್ಕೆ ಬರಲಿ. ಬೇಸಿಗೆ ಸೊಪ್ಪಿನದು ಎಳ್ಳು ಅಮಾವಾಸ್ಯೆ ಹೊತ್ತಿಗೆ ಅಚ್ಚಾಗಲಿ, ಬೀಜ ಹುಡುಕಲು, ಮಡಿ ಮಾಡಲು ಹೊತ್ತು ಸಿಗುತ್ತದೆ.

– ಖಾನಾವಳಿ ನಡೆಸುವ ನಿಮ್ಮ ಓದುಗರಲ್ಲೊಬ್ಬಳು, ಕಲಬುರಗಿ