ಜುಲೈನಲ್ಲಿ ಒಮ್ಮೆ ಬಂದು ಜಾಗ ನೋಡಿ

ಮಾನ್ಯ ಸಂಪಾದಕರೇ,

ಕಸದ ಘಟಕಗಳಿಗೆ ಅನುಮತಿ ಬೇಗ ಸಿಗಬೇಕು, ಫೈಲು ತಿಂಗಳುಗಟ್ಟಲೆ ಮೇಜಿನಿಂದ ಮೇಜಿಗೆ ಅಲೆಯಬಾರದು ಎಂಬ ಮಾತು ಈಚೆಗೆ ಜಾಸ್ತಿ ಕೇಳಿಬರುತ್ತಿದೆ. ನನ್ನ ವಿರೋಧ ಏನೂ ಇಲ್ಲ. ಕೊಡಗಿನ ಕಸವನ್ನು ಹತ್ತಿರದಿಂದ ನೋಡಿದ ಯಾರೂ ವಿರೋಧಿಸಲಾರರು. ಸೋಮವಾರ ಬೆಳಿಗ್ಗೆ ನಮ್ಮ ಊರಿನ ರಸ್ತೆಯ ತಿರುವಿಗೆ ಬನ್ನಿ. ಬಿರಿಯಾನಿ ಡಬ್ಬ, ಬಿಯರ್ ಬಾಟಲಿ, ಮಕ್ಕಳ ಡೈಪರ್ ಎಲ್ಲ ಅಲ್ಲಿರುತ್ತದೆ. ನಾಯಿ ಎಳೆದಾಡಿ, ಹಂದಿ ಕೆದಕಿ, ಉಳಿದದ್ದು ಮಳೆ ನೀರಿನ ಜೊತೆ ನಮ್ಮ ತೋಟದೊಳಗೆ ಇಳಿಯುತ್ತದೆ. ಪ್ರವಾಸಿಗರನ್ನು ಮಾತ್ರ ಬೈದರೆ ತಪ್ಪಾಗುತ್ತದೆ, ನಮ್ಮೂರ ಮದುವೆಗಳ ಪೇಪರ್ ತಟ್ಟೆಗಳೂ ಅಲ್ಲೇ ಬಿದ್ದಿರುತ್ತವೆ.

ಒಣ ಕಸ ವಿಂಗಡಿಸಲು ನಮ್ಮಲ್ಲಿ ಒಂದು ಶೆಡ್ ಕಟ್ಟಿದರು. ಶೀಟು ಹೊದಿಸಿ, ಬಣ್ಣ ಬಳಿದು, ಬೀಗ ಹಾಕಿದರು. ಕೇಳಿದರೆ ಎಲ್ಲಿಂದಲೋ ಯಾವುದೋ ಕಾಗದ ಬರಬೇಕಂತೆ. ಎರಡು ಮಳೆಗಾಲ ಕಳೆದು ಬೀಗಕ್ಕೆ ತುಕ್ಕು ಹಿಡಿಯಿತು, ಕಾಗದ ಬರಲಿಲ್ಲ. ಪ್ಲಾಸ್ಟಿಕ್ ಬೇರೆ, ಬಾಟಲಿ ಬೇರೆ ಮಾಡಿ ಗುಜರಿಗೆ ಕಳಿಸುವ ಇಂಥ ಶೆಡ್‌ಗೆ ಒಂದು ವಾರದಲ್ಲಿ ಅನುಮತಿ ಕೊಡಲಿ. ಯಾರಿಗೂ ತೊಂದರೆ ಇಲ್ಲ.

ಆದರೆ ಶೆಡ್ ಬೇರೆ, ಊರಿನ ಕಸವನ್ನೆಲ್ಲ ತಂದು ಸುರಿಯುವ ಗುಡ್ಡ ಬೇರೆ ಅಲ್ವಾ? ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಎಲ್ಲಕ್ಕೂ ಬೇಗ ಬೇಗ ಸಹಿ ಹಾಕಿ ಎಂದಾಗ ನನಗೆ ಹೆದರಿಕೆಯಾಗುತ್ತದೆ. ಯಾಕೆ ಅಂತ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಕಸ ಸುರಿಯಲು ಆಗುತ್ತದಾ ಎಂದು ನಮ್ಮ ತೋಟದ ಮೇಲ್ಗಡೆಯ ಪೈಸಾರಿ ಜಾಗ, ಅಂದರೆ ಸರ್ಕಾರಿ ಜಾಗ, ನೋಡಲು ಒಂದು ಜೀಪಿನಲ್ಲಿ ನಾಲ್ಕು ಜನ ಬಂದರು. ಕಾಫಿ ಹೂ ಅರಳಿಸುವ ಹೂ ಮಳೆಗೆ ನಾವು ಕಾಯುತ್ತಿದ್ದ ದಿನಗಳು ಅವು. ನೆಲ ಒಣಗಿ ಬಿರುಕು ಬಿಟ್ಟಿತ್ತು. ಜಾಗದ ಪಕ್ಕದಲ್ಲಿ ಒಂದು ತೋಡು, ಅಂದರೆ ಸಣ್ಣ ಹಳ್ಳ, ಇದೆ, ಆಗ ಅದರಲ್ಲಿ ತರಗೆಲೆ ಬಿಟ್ಟರೆ ಏನೂ ಇರಲಿಲ್ಲ. ಅವರಲ್ಲಿ ಒಬ್ಬರು ತೋಡಿನೊಳಗೇ ನಡೆದು ಬಂದು, ಶೂ ಒದರಿಕೊಂಡು, ‘ಇಲ್ಲಿ ನೀರಿನ ಮೂಲ ಏನೂ ಇಲ್ವಲ್ಲ’ ಎಂದು ಬರೆದುಕೊಂಡರು. ಸಾರ್, ನೀವು ನಿಂತಿರೋದೇ ತೋಡಿನಲ್ಲಿ ಎಂದೆ. ನಕ್ಕರು. ಇಪ್ಪತ್ತು ನಿಮಿಷದಲ್ಲಿ ಜೀಪು ಹೋಯಿತು.

ಅದೇ ತೋಡನ್ನು ಜುಲೈನಲ್ಲಿ ದಾಟಲು ಆಗುವುದಿಲ್ಲ. ನಮ್ಮಲ್ಲಿ ಮಳೆಯ ಲೆಕ್ಕ ಇಂಚಿನಲ್ಲಿ, ಬೆಳಿಗ್ಗೆ ಎದ್ದು ಮಾಪಕ ನೋಡಿದರೆ ಒಂದೇ ರಾತ್ರಿಗೆ ಏಳೆಂಟು ಇಂಚು ಇರುವ ದಿನಗಳು ಉಂಟು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಮೂರು ನಾಲ್ಕು ತಿಂಗಳಲ್ಲೇ. ಆಗಸ್ಟ್ ಹೊತ್ತಿಗೆ ಗುಡ್ಡದ ಬರೆಯಲ್ಲಿ, ಕಾಫಿ ಗಿಡದ ಬುಡದಲ್ಲಿ, ಒಮ್ಮೊಮ್ಮೆ ಅಡುಗೆಮನೆಯ ನೆಲದಲ್ಲೂ ಜಲ ಏಳುತ್ತದೆ. ಆ ನೀರೆಲ್ಲ ತೋಡಿಗೆ, ತೋಡು ಹೊಳೆಗೆ, ಹೊಳೆ ಕಾವೇರಿಗೆ. ಬೆಂಗಳೂರಿನ ನಲ್ಲಿಯಲ್ಲಿ ಬರುವುದೂ ಅದೇ ಕಾವೇರಿ.

2016ರ ಘನತ್ಯಾಜ್ಯ ನಿಯಮಗಳಲ್ಲಿ ಇದನ್ನೆಲ್ಲ ಯೋಚಿಸಿಯೇ ಬರೆದಿದ್ದರು. ಕಸ ಹೂಳುವ ಜಾಗ ನದಿಯಿಂದ 100 ಮೀಟರ್, ಕುಡಿಯುವ ನೀರಿನ ಬಾವಿ ಮತ್ತು ಮನೆಗಳಿಂದ 200 ಮೀಟರ್ ದೂರ ಇರಬೇಕು ಎಂದಿತ್ತು. ಗುಡ್ಡಗಾಡು ಪ್ರದೇಶಕ್ಕಂತೂ ಬೇರೆಯೇ ಮಾತು ಇತ್ತು: ಬೆಟ್ಟದ ಮೇಲೆ ಕಸ ಹೂಳುವುದನ್ನು ಆದಷ್ಟು ತಪ್ಪಿಸಿ, ಕೆಳಗೆ ಬಯಲಿನಲ್ಲಿ 25 ಕಿ.ಮೀ. ಒಳಗೆ ಜಾಗ ಹುಡುಕಿ, ಪ್ರವಾಸಿಗರಿಂದ ಊರಿನ ಬಾಗಿಲಲ್ಲೇ ಕಸದ ಶುಲ್ಕ ತೆಗೆದುಕೊಳ್ಳಿ ಅಂತ. ಇನ್ನೊಂದು ವಿಷಯ, ಅರ್ಜಿ ಬಂದ 60 ದಿನದೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿ ಅನುಮತಿ ಕೊಡಬೇಕು ಎಂದೂ ಅದೇ ನಿಯಮಗಳಲ್ಲಿತ್ತು. ಅಂದರೆ ಬೇಗ ಕೊಡಿ ಎನ್ನುವುದು ಹೊಸ ಮಾತೇನಲ್ಲ. ತಡ ಆಗುತ್ತಿದ್ದದ್ದು ಯಾರೋ ತೋಡಿನ ನೀರನ್ನು ಸೀಸೆಯಲ್ಲಿ ಹಿಡಿದು ಪರೀಕ್ಷೆ ಮಾಡುತ್ತಿದ್ದರು ಎಂದಲ್ಲ. ಫೈಲು ಸುಮ್ನೆ ಕೂತಿತ್ತು, ಅಷ್ಟೆ.

ಮಳೆಗೆ ಕಸದ ಗುಡ್ಡ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಘಟ್ಟ ಇಳಿದರೆ ಮಂಗಳೂರು. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಜಾರಿ ಕೆಳಗಿನ ಮಂದಾರ ಎಂಬ ಊರಿನ ಮನೆ, ಅಡಿಕೆ ತೋಟಗಳ ಮೇಲೆ ಬಂದು ಕೂತಿತು. ಜನ ಮನೆ ಬಿಟ್ಟು ಹೋಗಬೇಕಾಯಿತು. ಅದೇ ತಿಂಗಳು ನಮ್ಮ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿದು ಜನ ಸತ್ತರು. ಅದಕ್ಕೆ ಒಂದು ವರ್ಷದ ಹಿಂದೆ, 2018ರಲ್ಲಿ, ಗುಡ್ಡಗಳು ಕುಸಿದಾಗ ಏನಾಯಿತು ಎಂದು ಕೊಡಗಿನವರಿಗೆ ಹೇಳಬೇಕಿಲ್ಲ. ಬರೀ ಮಣ್ಣಿನ ಗುಡ್ಡವೇ ನಿಲ್ಲದ ಊರಿನಲ್ಲಿ ಕಸದ ಗುಡ್ಡ ನಿಲ್ಲುತ್ತದೆ ಎಂದು ಫೆಬ್ರವರಿಯಲ್ಲಿ ಇಪ್ಪತ್ತು ನಿಮಿಷ ನೋಡಿ ಯಾರಾದರೂ ಹೇಳಲು ಆಗುತ್ತದಾ?

ಒಂದು ಹೊಟ್ಟೆಯುರಿಯ ಮಾತನ್ನೂ ಹೇಳಿಬಿಡುತ್ತೇನೆ. ನಾನು ಸಣ್ಣ ಬೆಳೆಗಾರ, ಅರೇಬಿಕಾ ಕಾಫಿ ಹಣ್ಣು ಪಲ್ಪ್ ಮಾಡುತ್ತೇನೆ, ಅಂದರೆ ನೀರು ಹಾಕಿ ಸಿಪ್ಪೆ ಬಿಡಿಸುತ್ತೇನೆ. ಆ ನೀರನ್ನು ತೋಡಿಗೆ ಬಿಡುವಂತಿಲ್ಲ, ಗುಂಡಿ ತೋಡಿ ನಿಲ್ಲಿಸಬೇಕು. ಸರಿಯಾದದ್ದೇ. ಮೊದಲೆಲ್ಲ ಪಲ್ಪಿಂಗ್ ಸಮಯದಲ್ಲಿ ತೋಡಿನ ಏಡಿ, ಮೀನು ಸಾಯುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಹಾಗಾದರೆ ಕಾಫಿ ಸಿಪ್ಪೆಯ ನೀರಿಗೆ ಇರುವ ಕಟ್ಟುನಿಟ್ಟು ಕಸದಿಂದ ಇಳಿಯುವ ಕಪ್ಪು ನೀರಿಗೂ ಇರಬೇಕಲ್ಲ. ಅದರಲ್ಲಿ ಬ್ಯಾಟರಿ ಇರುತ್ತದೆ, ಹಳೆ ಮಾತ್ರೆ ಇರುತ್ತದೆ, ಪೇಂಟ್ ಡಬ್ಬ ಇರುತ್ತದೆ.

ದೇಶದಲ್ಲಿ ಗಾಳಿ ಬೀಸುತ್ತಿರುವುದು ಇನ್ನೊಂದು ದಿಕ್ಕಿಗೆ. 2023ರಲ್ಲಿ ಕಾನೂನು ತಿದ್ದಿ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಜೈಲಿನ ಬದಲು 10 ಸಾವಿರದಿಂದ 15 ಲಕ್ಷದವರೆಗೆ ದಂಡ ತಂದರು. 2025ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕಸ ನಿರ್ವಹಣೆಯಂಥ ಕೆಲಸಗಳನ್ನು ‘ನೀಲಿ’ ವರ್ಗ ಎಂದು ಬೇರೆ ಮಾಡಿ, ಅನುಮತಿಯ ಅವಧಿಯನ್ನು ಎರಡು ವರ್ಷ ಜಾಸ್ತಿ ಕೊಡಲು ದಾರಿ ಮಾಡಿತು. ಕಸದ ಕೆಲಸ ಮಾಡುವವರಿಗೆ ಪ್ರೋತ್ಸಾಹ ಬೇಕು, ಒಪ್ಪೋಣ. ಆದರೆ ಬಾಗಿಲಲ್ಲಿ ತಪಾಸಣೆ ಕಡಿಮೆ ಮಾಡಿದವರು ಒಳಗೆ ಬಂದ ಮೇಲೆ ಇನ್ನೂ ಹೆಚ್ಚು ನೋಡಬೇಕು. ನಮ್ಮಲ್ಲಿ ಅದು ನಡೆಯುತ್ತಿಲ್ಲ. ಅನುಮತಿ ಸಿಕ್ಕ ದಿನವೇ ಎಲ್ಲರೂ ಮರೆಯುತ್ತಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಕೊಡಗಿನಲ್ಲಿ ಕಸ ಸುರಿಯುವ ಅಥವಾ ಹೂಳುವ ಯಾವುದೇ ಜಾಗಕ್ಕೆ ಒಪ್ಪಿಗೆ ಕೊಡುವ ಮೊದಲು ಒಂದು ಸಲ, ಒಂದೇ ಸಲ, ಮಳೆಗಾಲದಲ್ಲಿ ಬಂದು ನೋಡಬೇಕು. ಗ್ರಾಮಸಭೆಯಲ್ಲಿ ಆ ಜಾಗದ ಕೆಳಗಿನವರನ್ನು ಕೇಳಬೇಕು, ಅದರಲ್ಲೂ ಲೈನ್‌ಮನೆಯಲ್ಲಿರುವ ತೋಟದ ಕಾರ್ಮಿಕರನ್ನು, ಯಾಕೆಂದರೆ ಬಾವಿ ಕೆಟ್ಟರೆ ನನಗೆ ಬೋರ್‌ವೆಲ್ ಇದೆ, ಅವರಿಗೆ ಇಲ್ಲ. ಘಟಕ ಶುರುವಾದ ಮೇಲೆ ಕೆಳಗಿನ ಎರಡು ಬಾವಿ ಮತ್ತು ತೋಡಿನ ನೀರನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ, ವರದಿಯನ್ನು ಪಂಚಾಯಿತಿ ಬೋರ್ಡಿಗೆ ಅಂಟಿಸಲಿ. ಇಷ್ಟು ಮಾಡಿ ಉಳಿದ ಕಾಗದಗಳನ್ನು ಬೇಕಾದರೆ ಒಂದೇ ದಿನದಲ್ಲಿ ಸಹಿ ಮಾಡಲಿ.

ನಮ್ಮ ಪೈಸಾರಿ ಜಾಗದ ಫೈಲು ಇನ್ನೂ ಎಲ್ಲೋ ಓಡಾಡುತ್ತಿದೆಯಂತೆ. ಅಂದು ಬಂದಿದ್ದ ನಾಲ್ವರಿಗೂ ಈ ಪತ್ರದ ಮೂಲಕ ಕರೆ ಕೊಡುತ್ತಿದ್ದೇನೆ, ಜುಲೈ ಎರಡನೇ ವಾರ ಬನ್ನಿ. ಜೀಪು ಮೇಲೆ ಹತ್ತುವುದಿಲ್ಲ, ನಡೆಯಬೇಕು. ಗಮ್‌ಬೂಟು ನೀವೇ ತನ್ನಿ, ಜಿಗಣೆಗೆ ಸುಣ್ಣ ಮತ್ತು ಹೊಗೆಸೊಪ್ಪು ನಾನು ಕೊಡುತ್ತೇನೆ.

ಇತಿ,
ಒಬ್ಬ ಕಾಫಿ ಬೆಳೆಗಾರ,
ಮಡಿಕೇರಿ ತಾಲ್ಲೂಕು, ಕೊಡಗು